ಭಾವನ ಪಿಕಪ್ಪಿನ ಎಡಗಡೆ ಸೀಟು

ಮಳೆಯ ಮೇಲೆ ದೂರು ಕೊಡುವಂತಿದ್ದರೆ ನಮ್ಮ ಭಾವ ಎಂದೋ ಕೊಟ್ಟಿರುತ್ತಿದ್ದರು. ಅವರ ಪಿಕಪ್ಪಿನ ಕ್ಯಾಬಿನ್ನು ಸೋರುತ್ತದೆ, ಅದೂ ಅಕ್ಕ ಕೂರುವ ಎಡಗಡೆ ಸೀಟಿನ ಮೇಲೆಯೇ. "ನನ್ನ ಕಡೆ ಒಂದು ಹನಿ ಇಲ್ಲ! ಇದಕ್ಕೇನು ನನ್ನ ಸಂಸಾರದ ಮೇಲೆ ಹಗೆಯಾ?" ಎಂದು ಹಾರಾಡುತ್ತಾರೆ. ಗಾಜಿನವನು ಬಾಗಿಲಿನ ರಬ್ಬರನ್ನು ದೂರುತ್ತಾನೆ, ರಬ್ಬರಿನವನು ಗಾಜನ್ನು. ಭಾವ ಇಬ್ಬರಿಗೂ ಶಾಪ ಹಾಕಿ, ಪ್ರತಿ ಭಾನುವಾರ ನನ್ನನ್ನು ಒಳಗೆ ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡುತ್ತಾರೆ. "ಬಂತೇನಯ್ಯಾ?" "ಬಂತು ಭಾವ." "ಎಲ್ಲಿಂದ?" "ಗೊತ್ತಾಗ್ಲಿಲ್ಲ, ಕನ್ನಡಕದ ಮೇಲೇ ಬಿತ್ತು." "ಅಷ್ಟು ದಪ್ಪ ಕನ್ನಡಕ ಹಾಕ್ಕೊಂಡೂ ಒಂದು ಹನಿ ಕಾಣಲ್ವಾ ನಿಂಗೆ!" ಕಂಡ ತೂತಿಗೆಲ್ಲ ಸಿಲಿಕಾನ್ ಅಂಟು ಮೆತ್ತುವುದು ಅವರ ಸಿದ್ಧಾಂತ. ಒಳಗೆ ಇಳಿದ ನೀರು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಬಿಟ್ಟಿದ್ದ ತೂತುಗಳನ್ನೂ ಅದೇ ಸಿಟ್ಟಿನಲ್ಲಿ ಮುಚ್ಚಿದರು. ಆಮೇಲೆ ತಿರುವು ಬಂದಾಗಲೆಲ್ಲ ಬಾಗಿಲು ತುಂಬಿದ ಕೊಡದಂತೆ ಕುಲುಕಿ ಅಕ್ಕನ ಸೀರೆಗೆ ಚೆಲ್ಲತೊಡಗಿತು. ಕೊನೆಗೆ ಅಕ್ಕ, "ಸೋರೋದು ನಿಲ್ಲೋವರೆಗೂ ನಾನು ಆಫೀಸಿಗೆ ಬಸ್ಸಲ್ಲೇ ಹೋಗ್ತೀನಿ" ಎಂದು ಹೊರಟೇಬಿಟ್ಟಳು. "ಹೋಗ್ಲಿ, ಯಾರು ಬೇಡ ಅಂದ್ರು!" ಎಂದು ಭಾವ ಗುಡುಗಿದರು. ಅಂದಿನಿಂದ, ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವ ನಾನು ನೋಡುತ್ತಲೇ ಇದ್ದೇನೆ: ಮಳೆ ಬಂದ ದಿನವೆಲ್ಲ ಒಂದು ಪಿಕಪ್ಪು ಸ್ಟಾಪಿಗೊಮ್ಮೆ ನಿಲ್ಲುತ್ತ, ಅಕ್ಕನ ಆಫೀಸಿನವರೆಗೂ ನಮ್ಮ ಬೆನ್ನ ಹಿಂದೆಯೇ ಬರುತ್ತದೆ. ಸ್ಟೀರಿಂಗಿನ ಹಿಂದೆ ಭಾವನ ಮುಖ ಇನ್ನೂ ಕೆಂಡದಂತಿರುತ್ತದೆ. ಪಕ್ಕದ ಖಾಲಿ ಸೀಟಿನ ಮೇಲೆ, ಅವಳು ಎಲ್ಲಾದರೂ ಮನಸ್ಸು ಬದಲಿಸಿ ಇಳಿದು ಬಂದರೆ ಒದ್ದೆಯಾಗದಿರಲೆಂದು, ಒಂದು ಕೊಡೆ ಬಿಚ್ಚಿಟ್ಟಿರುತ್ತದೆ.