ಬೆನ್ನು ತಿರುಗಿಸಿ ಆರಿಸಿದ ಕೀಬೋರ್ಡ್

ಸರೋವರದ ದಂಡೆಯ ಕಿಸುಮು ಪಟ್ಟಣದ ಕಿಬೂಯೆ ಸಂತೆಯಲ್ಲಿ ಅಬುಯಾನ ಹೆಸರು ಹೇಳಿದರೆ ತಗಡಿನ ಪೆಟ್ಟಿಗೆ ನೆನಪಾಗುತ್ತಿತ್ತು. ಹಾಸ್ಟೆಲಿಗೆ ಹೋಗುವ ಮಕ್ಕಳ ಟ್ರಂಕುಗಳನ್ನು ಇಪ್ಪತ್ತೆಂಟು ವರ್ಷದಿಂದ ಬಡಿಯುತ್ತ ಬಂದವನು. ಆದರೆ ಕೆಲಸ ಏನು ಅಂತ ಯಾರಾದರೂ ಕೇಳಿದರೆ, "ಡ್ರಮ್ ಬಾರಿಸ್ತೀನಿ" ಅನ್ನುವನು. ಟ್ರಂಕಿನಿಂದ ಹೊಟ್ಟೆ ತುಂಬುತ್ತಿತ್ತು, ಅಷ್ಟೇ. ಮನುಷ್ಯ ಬದುಕುತ್ತಿದ್ದದ್ದು ಶನಿವಾರದ ಸಾವಿನ ಮನೆಗಳಲ್ಲಿ. ಬ್ಯಾಂಡ್ ಇಲ್ಲದೆ ಮಣ್ಣಿಗೆ ಹೋದವನನ್ನು ನಮ್ಮ ಕಡೆ ಅನಾಥ ಅನ್ನುತ್ತಾರೆ. ಹೀಗಾಗಿ ಭೂಗೋಳದ ಮೇಷ್ಟ್ರು ಮಗಾಕ್ ಗಿಟಾರ್ ಹಿಡಿದು ಕಟ್ಟಿದ್ದ, ಅಬುಯಾ ಡ್ರಮ್ ಬಾರಿಸುತ್ತಿದ್ದ ಹವ್ಯಾಸಿ ಬ್ಯಾಂಡಿಗೆ ಕೆಲಸವೇನೂ ಕಡಿಮೆ ಇರಲಿಲ್ಲ.

ಈಗೀಗ ಜನ ಕೀಬೋರ್ಡ್ ಕೇಳತೊಡಗಿದ್ದರು. ನುಡಿಸಲು ಟೈಲರ್ ಅವಿನೊ ಇದ್ದಳು, ಚರ್ಚಿನಲ್ಲಿ ಕೈ ಪಳಗಿದವಳು. ಆರಿಸಲು ಮಾತ್ರ ಅಬುಯಾನೇ ಆಗಬೇಕಿತ್ತು. ಅವನ ಕಿವಿ ಅಂಥದು. ನಾಲ್ಕು ಟ್ರಂಕಿನಾಚೆ ಒಂದು ಮೊಳೆ ಸಡಿಲವಾಗಿದ್ದರೂ ಕೂತಲ್ಲಿಂದಲೇ ಹೇಳಿಬಿಡುವನು. ಯಾವುದೇ ವಾದ್ಯ ಕೊಳ್ಳುವಾಗಲೂ ಅದಕ್ಕೆ ಬೆನ್ನು ತಿರುಗಿಸಿ ಕೂರುವುದು ಅವನ ಪದ್ಧತಿ. "ಕಣ್ಣು ಲಂಚ ತಿನ್ನತ್ತೆ, ಕಿವಿ ತಿನ್ನಲ್ಲ" ಎಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದ.

ಹೊರಡುವ ಮುಂಚೆ ಹೆಂಡತಿ ಅಡೊಂಗೊ ಬಾಗಿಲಿಗೆ ಅಡ್ಡ ನಿಂತಳು.

"ಅಪಿಯೋಳ ಅಪ್ಪಾ, ಬರೀ ಪಿಯಾನೊ ಇರೋದನ್ನ ಆರಿಸು. ಗುಂಡಿ ಒತ್ತಿದ್ರೆ ತಾನೇ ಡ್ರಮ್ ಬಾರಿಸೋ ಪೆಟ್ಟಿಗೆ ತಂದು ಅಹೆರೊ ಊರಿನ ಬ್ಯಾಂಡಿನವರು ಏನ್ ಮಾಡಿದ್ರು ಗೊತ್ತಲ್ಲ? ಅವರ ಡ್ರಮ್ಮಿನವನು ಈಗ ಬಸ್ ಸ್ಟ್ಯಾಂಡಲ್ಲಿ ಕಡಲೆಕಾಯಿ ಮಾರ್ತಾನೆ."

"ನನಗೇ ಹೇಳ್ಕೊಡ್ತೀಯಾ?"

"ಹೇಳ್ಕೊಡ್ಬೇಕು. ನೀನು ಶನಿವಾರ ಮನೇಲಿ ಕೂತ್ರೆ ನನ್ನ ತಲೆ ಮೇಲೇ ಬಾರಿಸ್ತೀಯ."

ಅವನೂ ಹಾಗೇ ನಿಶ್ಚಯಿಸಿಕೊಂಡೇ ಹೊರಟಿದ್ದ. ಮಗಾಕ್, ಅವಿನೊ ಜೊತೆ ಹೋದ ಅಂಗಡಿಯಲ್ಲಿ ಮೂರು ಕೀಬೋರ್ಡ್ ಸಾಲಾಗಿದ್ದವು. ಬರೀ ಪಿಯಾನೊ ಇರುವುದು ಯಾವುದು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮಗಾಕ್ ಸ್ಟೂಲ್ ಎಳೆದು ಬಾಗಿಲ ಕಡೆ ಮುಖ ಮಾಡಿಟ್ಟ.

"ಕೂತ್ಕೊಳೋ ಅಬುಯಾ. ಎಲ್ಲ ನಿನ್ನ ಪದ್ಧತಿ ಪ್ರಕಾರವೇ ಆಗ್ಲಿ."

ಅಂಗಡಿಯವನೂ ತಮಾಷೆ ನೋಡಲು ಬಂದು ನಿಂತ. ಇನ್ನು ಬಿಡಲಾಗುತ್ತದೆಯೇ? ಕೂತ.

ಅವಿನೊ ಒಂದೇ ಹಾಡನ್ನು ಮೂರರಲ್ಲೂ ನುಡಿಸಿದಳು, ಬರೀ ಸ್ವರ, ತಾಳ ಇಲ್ಲ. ಮೊದಲನೆಯದು ಹಸಿ ಮರ ಬಡಿದ ಹಾಗೆ ಮಂಕಾಗಿತ್ತು. ಮೂರನೆಯದು ತೆಳು ತಗಡು. ತಗಡಿನ ವಿಷಯ ಅವನಿಗೆ ಯಾರೂ ಹೇಳಬೇಕಿಲ್ಲ. ಎರಡನೆಯದು ಕೇಳುತ್ತಿದ್ದಂತೆ ಮಾತ್ರ ಅವನಿಗೆ ಹೆಂಡತಿಯ ಮಾತೂ ಮರೆಯಿತು, ಬುದ್ಧಿಯೂ ಮರೆಯಿತು.

"ಎರಡನೇದು" ಅಂದುಬಿಟ್ಟ.

ಅವಿನೊ ಕೀಬೋರ್ಡಿನಿಂದ ಕೈ ತೆಗೆದಳು. "ಮಾವ, ಇನ್ನೊಂದ್ಸಲ ಕೇಳಿ. ಮೊದಲನೇದೂ ಚೆನ್ನಾಗೇ ಇದೆ. ನಿಮಗೆ ಅದು ಒಳ್ಳೇದು."

"ನನ್ನ ಕಿವಿಗೆ ಎರಡ್ಸಲ ಬೇಡಮ್ಮ."

ಸ್ವರದ ಕೂದಲೆಳೆಯ ಫರಕು ಹಿಡಿಯುವ ಕಿವಿ, ಹೆಣ್ಣುಮಗಳೊಬ್ಬಳು ಬಾಯಿಬಿಟ್ಟು ಹೇಳಿದ್ದನ್ನು ಹಿಡಿಯಲಿಲ್ಲ ನೋಡಿ. ತಿರುಗಿ ನೋಡಿದ. ಎರಡನೆಯದರ ನೆತ್ತಿಯ ಮೇಲೆ ಸಾಲು ಸಾಲು ಗುಂಡಿ. ಮಗಾಕ್ ಒಂದನ್ನು ಒತ್ತಿದ. ಡ್ರಮ್ ಶುರುವಾಯಿತು, ನಮ್ಮದೇ ಬೆಂಗಾ ತಾಳ, ಕುಣಿಯುವವರ ಸೊಂಟ ಬಲ್ಲ ತಾಳ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೆಟ್ಟಿಗೆಯನ್ನು ಅಬುಯಾನೇ ಹೆಗಲ ಮೇಲೆ ಹೊತ್ತು ತಂದ.

ಶುಕ್ರವಾರ ಮಗಾಕ್ ಅಬುಯಾನ ಮನೆಗೆ ಬಂದ. ಚಹಾ ಮುಟ್ಟಲಿಲ್ಲ.

"ಸೆಮೆ ಊರಲ್ಲಿ ನಾಳೆ ಒಂದು ಮಣ್ಣು. ವ್ಯಾನಲ್ಲಿ ಡ್ರಮ್ಮಿಗೆ ಜಾಗ ಇಲ್ಲ ಕಣೋ. ಈ ಸಲ ಸುಮ್ನೆ ಬಾ. ಹೇಗೆ ಕೇಳ್ಸತ್ತೆ ಅಂತ ನೀನೇ ಹೇಳ್ಬೇಕು."

ಅಡೊಂಗೊ ಚಹಾದ ಲೋಟ ಒಳಗೆ ಒಯ್ದಳು. ಅವಳು ಬೈದಿದ್ದರೇ ಚೆನ್ನಾಗಿತ್ತು. ಆದರೂ ಅಬುಯಾನಿಗೆ ಒಂದು ಆಸೆ ಉಳಿದಿತ್ತು. ನಮ್ಮ ಸಾವಿನ ಮನೆಗಳಲ್ಲಿ ಹಾಡಿನ ನಡುವೆ ಯಾರಾದರೂ ಕೈ ಎತ್ತಿದರೆ ಬ್ಯಾಂಡ್ ಅಲ್ಲೇ ನಿಲ್ಲಬೇಕು. ಆತ ತನ್ನನ್ನು ತಾನು ಬಾಯ್ತುಂಬ ಹೊಗಳಿಕೊಳ್ಳುತ್ತಾನೆ. ಕೈ ಇಳಿದ ಕೂಡಲೇ ಡ್ರಮ್ ಉರುಳಿ ಹಾಡನ್ನು ಮತ್ತೆ ಎಬ್ಬಿಸಬೇಕು. ಆ ಕೈ ಕಂಡು ಹಿಡಿಯುವುದರಲ್ಲೇ ಅಬುಯಾನ ಹೆಸರು ಇದ್ದದ್ದು.

"ಪೆಟ್ಟಿಗೆಗೆ ಕಣ್ಣಿದೆಯಾ?" ಎಂದ ಹೆಂಡತಿಗೆ. "ಕೈ ಎತ್ತಿದ್ದು ಅದಕ್ಕೆ ಕಾಣತ್ತಾ? ನೋಡ್ತಿರು, ನಾಳೆ ಮಾನ ಕಳ್ಕೊಂಡು ವಾಪಸ್ ಬರ್ತಾರೆ."

ಶನಿವಾರ ಮಟಾಟು ಅನ್ನುವ ಬಾಡಿಗೆ ವ್ಯಾನು ಹತ್ತಿ ಸೆಮೆಗೆ ಹೋದ. ಮಧ್ಯಾಹ್ನದ ಬಿಸಿಲು. ಶಾಮಿಯಾನದ ಹಿಂದೆ ಊಟಕ್ಕೆ ನಿಂತವರ ನಡುವೆ ಜಾಗ ಹಿಡಿದ. ಹಾಡು ಏರಿತು. ಧೂಳೆಬ್ಬಿಸಿ ಕುಣಿಯುತ್ತಿದ್ದವರ ನಡುವಿನಿಂದ ಒಬ್ಬ ಮುದುಕ ಕೋಲಿನ ಸಮೇತ ಕೈ ಎತ್ತಿದ.

ಅವಿನೊ ಒಂದು ಬೆರಳು ಒತ್ತಿದಳು. ಡ್ರಮ್ ಗಕ್ಕನೆ ನಿಂತಿತು.

"ನಾನು ಸೆಮೆಯ ಗೂಳಿ. ನಾನು ನೀರಿಗಿಳಿದ್ರೆ ಸರೋವರ ಪಕ್ಕಕ್ಕೆ ಸರಿದು ದಾರಿ ಬಿಡತ್ತೆ" ಎಂದ ಮುದುಕ. ಹೆಂಗಸರು ಕೂಗಿ ನಕ್ಕರು. ಕೈ ಇಳಿಯಿತು. ಅವಿನೊಳ ಬೆರಳು ಇನ್ನೊಂದು ಗುಂಡಿಗೆ ಹೋಯಿತು. ಡ್ರಮ್ ಉರುಳಿತು, ಹಾಡು ಎದ್ದಿತು.

ತಟ್ಟೆ ಹಿಡಿದಿದ್ದ ಹೆಂಗಸೊಬ್ಬಳು ಅಬುಯಾನನ್ನು ನೋಡಿ ಹಿಂದೆ ಸರಿದಳು. "ಯಾರನ್ನ ಹೊಡಿಯೋಕೆ ಹೊರಟ್ರಿ ಅಣ್ಣ?"

ಆಗಲೇ ಅವನಿಗೆ ಗೊತ್ತಾದದ್ದು, ತನ್ನೆರಡೂ ಕೈಗಳು ಡ್ರಮ್ಮಿನ ಕೋಲು ಹಿಡಿದ ಹಾಗೆ ಎದೆ ಮಟ್ಟಕ್ಕೆ ಎದ್ದು ನಿಂತಿವೆ ಎಂದು. "ಯಾರನ್ನೂ ಇಲ್ಲಮ್ಮ" ಎಂದು ಅವುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ.

ಹಾಡು ಮುಗಿದ ಮೇಲೆ ಮಗಾಕ್ ಬೆವರು ಒರೆಸುತ್ತ ಬಂದ. ಅಬುಯಾನ ಕಣ್ಣು ತಪ್ಪಿಸಿ ಕೇಳಿದ.

"ಹೇಗಿತ್ತು? ನಿಜ ಹೇಳು."

ಸುಳ್ಳು ಹೇಳಬಹುದಿತ್ತು. ತಾಳ ಹಾಡನ್ನು ಬಿಟ್ಟು ಓಡುತ್ತಿದೆ ಅಂದಿದ್ದರೆ ಮಗಾಕ್ ನಂಬುತ್ತಿದ್ದ, ನಂಬಲು ಕಾಯುತ್ತಲೂ ಇದ್ದ.

"ಎಲ್ಲೂ ತಪ್ಪಲಿಲ್ಲ" ಎಂದ ಅಬುಯಾ, ಜೇಬಿನಿಂದ ಕೈ ತೆಗೆಯದೆ.