ಮುಚ್ಚಳದ ಒಳಮೈ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಅಂದಿನಿಂದ ಲೋಹ ಉಜ್ಜುವುದೇ ನನ್ನ ಕೆಲಸ. ದಾವಣಗೆರೆಯಲ್ಲಿ ನನ್ನದೇ ಪಾಲಿಶ್ ಅಂಗಡಿ ಇದೆ. ಮೆಟ್ಟಿಲ ಕಂಬಿ, ದೇವರ ಪ್ರಭಾವಳಿ, ಹೋಟೆಲಿನ ಹಂಡೆ, ಏನೇ ಕೊಡಿ, ಮುಖ ಕಾಣುವಂತೆ ಮಾಡಿಕೊಡುತ್ತೇನೆ. ಮಾಸಿದ ಸಾಮಾನು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ.

ಹಳೆಯ ಕೈಗಡಿಯಾರಗಳ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಬ್ಯಾಟರಿಯವಲ್ಲ, ಕೀಲಿ ಕೊಡುವಂಥವು. ಬೆಳಿಗ್ಗೆ ಕೀಲಿ ತಿರುಗಿಸುವಾಗ ಒಳಗೆ ಏನೋ ಬಿಗಿಯುತ್ತ ಬರುತ್ತದಲ್ಲ, ಬೆರಳ ತುದಿಗಷ್ಟೇ ತಿಳಿಯುವ ಆ ಬಿಗಿಗಾಗಿ ಹನ್ನೊಂದು ವಾಚು ಕೂಡಿಹಾಕಿದ್ದೆ. ಎಲ್ಲವನ್ನೂ ನಡೆಯುವಂತೆ ಮಾಡಿಕೊಟ್ಟವರು ಹರಿಹರದ ಒಬ್ಬ ವಾಚ್ ರಿಪೇರಿಯವರು. ಬಾಗಿಲಗಲದ ಅಂಗಡಿ. ಅವರ ತಂದೆ ಅದೇ ಕುರ್ಚಿಯಲ್ಲಿ ಕೂತು ಅದೇ ಕೆಲಸ ಮಾಡಿ ತೀರಿಕೊಂಡವರು. ಇಂಥ ವಾಚು ಬಿಚ್ಚಿ ಕೂಡಿಸುವವರು ನನಗೆ ಗೊತ್ತಿದ್ದಂತೆ ನಮ್ಮ ಕಡೆ ಈಗ ಅವರೊಬ್ಬರೇ.

ಹನ್ನೊಂದನೆಯದು ಭಾನುವಳ್ಳಿಯ ಗಿರಾಕಿಯೊಬ್ಬರು ಅವರ ಅಂಗಡಿಯಲ್ಲಿ ಮಾರಲು ಬಿಟ್ಟುಹೋದದ್ದು. ರಿಪೇರಿಯವರು ಅದನ್ನು ಬೇರೆಯವರಿಗೆ ತೋರಿಸದೆ ನನಗೇ ಎತ್ತಿಟ್ಟಿದ್ದರು.

“ಜ್ವಾಕಿಯಿಂದ ಇಟ್ಕಳ್ರಿ. ಇದರೊಳಗ ನಮ್ಮಪ್ಪಂದು ಕೈ ಐತೆ” ಅಂದರು.

ಕೈ ಐತೆ ಅಂದರೆ ಕಸುಬಿನವನಿಗೆ ಒಂದೇ ಅರ್ಥ, ಅವರ ಅಪ್ಪ ಮಾಡಿದ ರಿಪೇರಿ. ದೊಡ್ಡವರ ಕೆಲಸಕ್ಕೆ ನನ್ನ ಕೈಲಾದ ಮರ್ಯಾದೆ ಮಾಡೋಣ ಅಂತ ಮರುದಿನವೇ ಹಿಂದಿನ ಮುಚ್ಚಳ ಬಿಚ್ಚಿ ಬಟ್ಟೆಯ ಚಕ್ರಕ್ಕೆ ಹಿಡಿದೆ. ಹೊರಮೈ ಮುಗಿಯಿತು. ಒಳಮೈ ತಿರುಗಿಸಿದರೆ ತುಂಬ ಗೀರು. ಅದನ್ನೂ ಬಿಡಲಿಲ್ಲ. ರಿಪೇರಿಯಾಗಿ ಬಂದ ವಾಚನ್ನು ಹೀಗೆ ಒಳಗೂ ಹೊರಗೂ ಉಜ್ಜುವುದು ನನ್ನ ರೂಢಿ. ಉಳಿದ ಹತ್ತಕ್ಕೂ ಅದೇ ಆಗಿತ್ತು.

ವಾರ ಬಿಟ್ಟು ತೋರಿಸಲು ಒಯ್ದೆ. ಅವರು ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು, ದೀಪದ ಕೆಳಗೆ ಆ ಕಡೆ ಈ ಕಡೆ ಹೊರಳಿಸಿದರು.

“ಒಳಗೂ ಉಜ್ಜೀರೇನು?”

“ಹೂನ್ರಿ. ಬರೇ ಗೀರಿದ್ವು.”

“ಗೀರಲ್ರಿ ಅವು. ಬರವಣಿಗೆ.”

ರಿಪೇರಿ ಮಾಡಿದವರು ಮುಚ್ಚಳದ ಒಳಗೆ ಸೂಜಿಯಿಂದ ತಾರೀಖು, ತಮ್ಮದೊಂದು ಗುರುತು ಗೀಚಿಡುತ್ತಾರಂತೆ. ವಾಚು ಮತ್ತೆ ಬಂದಾಗ ಹಿಂದೆ ಯಾವಾಗ ಬಿಚ್ಚಿದ್ದು ಅಂತ ತಿಳಿಯಲಿಕ್ಕೆ.

“ನಮ್ಮಪ್ಪ ಜನ್ಮದಾಗ ಒಂದು ಚೀಟಿ ಬರದಾತಲ್ಲ. ಬರದಿದ್ದೆಲ್ಲ ಮಂದಿ ವಾಚಿನೊಳಗ. ಅದಕ್ಕೇ ಕೈ ಐತೆ ಅಂದಿದ್ದು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ವಾಚನ್ನು ನನ್ನ ಕಡೆ ಸರಿಸಿ, “ಇನ್ನ ಮ್ಯಾಲೆ ನಿಮ್ಮವು ಬ್ಯಾರೆ ಕಡೆ ತೋರಸ್ರಿ” ಅಂದರು. ಬೇರೆ ಕಡೆ ಎಲ್ಲಿದೆ?

ಆಮೇಲೆ ನನ್ನ ಅಂಗಡಿಯಲ್ಲಿ ಕೂತರೆ ಎದ್ದೇಳಬೇಕು, ಎದ್ದರೆ ಕೂಡಬೇಕು. ಯಾವ ಸಾಮಾನು ಬಂದರೂ ಮೊದಲು ತಿರುಗಿಸಿ ಹಿಂದೆ ನೋಡುವುದು, ಚಕ್ರಕ್ಕೆ ಹಿಡಿಯುವುದು, ಮತ್ತೆ ತೆಗೆಯುವುದು. ಹನ್ನೊಂದೂ ಮುಚ್ಚಳ ಬಿಚ್ಚಿ ಒಂದಾದರೂ ಅಕ್ಷರ ಉಳಿದಿದೆಯೇ ಅಂತ ಹುಡುಕಿದೆ. ಹನ್ನೊಂದರಲ್ಲೂ ನನ್ನ ಮುಖವೇ ಕಂಡಿತು. ಮೂರು ಸಲ ಹರಿಹರದ ಬಸ್ಸು ಹತ್ತಿದೆ. ಎರಡು ಸಲ ಅವರ ಅಂಗಡಿಯ ತಿರುವಿನಿಂದಲೇ ವಾಪಸ್ಸು. ಮೂರನೇ ಸಲ ಎದುರಿನ ಹೋಟೆಲಿನಲ್ಲಿ ನಿಂತು ಎರಡು ಚಹಾ ಕುಡಿದೆ. ಅವರು ಒಮ್ಮೆ ನೋಡಿ ತಲೆ ತಗ್ಗಿಸಿ ಕೆಲಸಕ್ಕೆ ತೊಡಗಿದರು. ತಪ್ಪಾಯಿತು ಅನ್ನಲು ನನಗೆ ಬಾಯಿ ಬರಲಿಲ್ಲ. ಚಿಕ್ಕಂದಿನಿಂದ ದುಡಿದು ತಿಂದವನಿಗೆ ಅದೊಂದು ರೋಗ.

ಬರಿಗೈಯಲ್ಲಿ ಹೋದರೆ ಆಗದು ಅನ್ನಿಸಿದಾಗ ಶಾಮನೂರಿನ ಸೋದರಮಾವ ನೆನಪಾದ. ಹಿಂದೆ ಹರಿಹರದ ಪಕ್ಕದ ಸಾರಥಿ ಹಳ್ಳಿಯಲ್ಲಿ ಹೊಲ ಮಾಡುತ್ತಿದ್ದಾಗಿನಿಂದ ಅವನ ಕೈಮೇಲೆ ಒಂದೇ ವಾಚು, ರಿಪೇರಿಯೆಲ್ಲ ಅದೇ ಅಂಗಡಿಯಲ್ಲಿ, ಅವರ ತಂದೆಯ ಕಾಲದಲ್ಲಿ ಆದದ್ದು. ನನಗೆ ಕೇಳಿ ಕೇಳಿ ಸಾಕಾಗಿತ್ತು, ಅವನು ಕೊಟ್ಟಿರಲಿಲ್ಲ.

“ಮಾವ, ನಿನ್ನ ವಾಚು...”

“ಬಂತು ನೋಡು ಗೆದ್ದಲು. ನಾನು ಸತ್ತ ಮ್ಯಾಲೆ ಬಿಚ್ಕಳಲೇ. ಅಲ್ಲೀತನಕ ತಡಕೋ.”

“ನನಗ ಬ್ಯಾಡ. ಮುಚ್ಚಳ ತಗದು ಒಬ್ರಿಗೆ ತೋರಸಬೇಕು.”

“ಮುಚ್ಚಳ ತಗದು ತೋರ್ಸಾಕ ಇದೇನು ಉಪ್ಪಿನಕಾಯಿ ಜಾಡಿನೇನಲೇ?”

ನಡೆದದ್ದೆಲ್ಲ ಹೇಳಿದೆ. ಮಾವ ವಾಚಿನ ಮೇಲೆ ಇನ್ನೊಂದು ಕೈ ಮುಚ್ಚಿಕೊಂಡೇ ಕೇಳಿದ. “ಉಜ್ಜಿದಾವ ನೀನು. ನಡುವೆ ನನ್ನನ್ಯಾಕ ಎಳಿತೀ?” ಅಂದವನು ಒಳಗೆ ಹೋಗಿ ಬೇರೆ ಅಂಗಿ ತೊಟ್ಟು ಬಂದ. “ನಾನೇ ಬಿಚ್ಚಿ ಅವರ ಕೈಯಾಗ ಕೊಡ್ತೀನಿ. ನೀನು ಮುಟ್ಟಬ್ಯಾಡ.”

ತನ್ನದೇ ಬೈಕಿನ ಹಿಂದೆ ಕೂತ ಮಾವ ಹರಿಹರದವರೆಗೂ ವಾಚಿದ್ದ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ.

ಮಾವ ಅಂಗಡಿ ಹತ್ತಿ ಕೂತು ವಾಚು ಬಿಚ್ಚಿ ಕೊಟ್ಟ. ನಾನು ಮೆಟ್ಟಿಲ ಕೆಳಗೆ ನಿಂತು “ತಪ್ಪಾತ್ರಿ” ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ಆಗಲೇ ಮುಚ್ಚಳ ತೆರೆದಿದ್ದರು. ಒಳಗೆ ಐದು ಸಾಲು, ಎಳ್ಳಿನಷ್ಟು ಸಣ್ಣ ಕನ್ನಡ ಅಂಕಿಗಳು, ಪ್ರತಿ ಸಾಲಿನ ಕೊನೆಗೆ ಕೊಕ್ಕೆಯಂಥ ಗುರುತು. ನನ್ನನ್ನು ಮೇಲೆ ಕರೆದು ಕಣ್ಣಿನ ಗಾಜು ಕೊಟ್ಟರು.

“ಕೊನೇ ಸಾಲು ನೋಡ್ರಿ. ಅಪ್ಪಂದು ಕೈ ನಡುಗೈತೆ.”

ನೋಡಿದೆ. ಅಂಕಿ ಸೊಟ್ಟಗೆ ಜಾರಿದ್ದವು. ಅಲ್ಲಿಗೆ ಮುಗಿದಿತ್ತು ಆ ಬರವಣಿಗೆ.

ಅವರು ವಾಚಿಗೆ ಎಣ್ಣೆ ಬಿಟ್ಟರು. ಸೂಜಿ ತೆಗೆದುಕೊಂಡು ಆ ಸಾಲಿನ ಕೆಳಗೆ ಅಂದಿನ ತಾರೀಖು ಗೀಚಿ, ಮುಚ್ಚಿ, ಮಾವನ ಕೈಗೆ ತಾವೇ ಕಟ್ಟಿದರು.

“ನನ್ನವು ತರಲೇನ್ರಿ?” ಅಂದೆ.

“ಉಜ್ಜೋದು ಬಿಡ್ತೀರೇನು?”

ಬಿಡ್ತೀನಿ ಅಂದರೆ ಸುಳ್ಳಾಗುತ್ತಿತ್ತು. ಅದು ನನ್ನ ಅನ್ನ. “ಹೊರಗ ಉಜ್ಜತೀನ್ರಿ. ಒಳಗ ಕೈ ಹಾಕಲ್ಲ.”

ಅವರು ಸೂಜಿಯ ತುದಿ ಒರೆಸಿ ಡಬ್ಬಿಗೆ ಹಾಕಿದರು.

“ಒಂದೊಂದೇ ತರ್ರಿ” ಅಂದರು.

ಮಾವ ಬೈಕಿನ ಹತ್ತಿರ ನಿಂತು, ಎಮ್ಮೆ ಹಿಂಡೋ ಹೊತ್ತಾತು ಬಾರಲೇ ಅಂತ ಕೂಗುತ್ತಿದ್ದ. ಯಾವುದನ್ನು ಮೊದಲು ತರಲಿ ಅಂತ ಕೇಳಬೇಕೆಂದು ನಾನು ಇನ್ನೂ ಅಲ್ಲೇ ನಿಂತಿದ್ದೆ.