ದಿಬ್ಬದ ಮೇಲೆ ಮನೆ ಕೊಂಡ ಗೋಲ್‌ಕೀಪರ್

ಕ್ಲಬ್ಬಿನವರೆಲ್ಲ ಅವಳನ್ನು ‘ಗೋಡೆ’ ಎಂದೇ ಕರೆಯುತ್ತಿದ್ದರು. ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಚೆಂಡು ಅವಳನ್ನು ದಾಟುವುದು ಅಪರೂಪ, ಮಾತು ಅವಳ ತುಟಿ ದಾಟುವುದು ಇನ್ನೂ ಅಪರೂಪ. ಸಂಬಳ ಏರಿದ ವರ್ಷ, ದೊಡ್ಡವರ ಬಡಾವಣೆಯಲ್ಲಿ ಮನೆ ಕೊಳ್ಳುವ ಹುಳ ಅವಳ ತಲೆಗೆ ಬಿಟ್ಟವನು ಸೋದರಮಾವ. ಬಸ್ ಓಡಿಸಿ ನಿವೃತ್ತನಾದವನು, ತಾಯಿಯಿಲ್ಲದ ಅವಳನ್ನು ಸಾಕಿದವನು.

“ಎಷ್ಟು ದಿನ ಅಂತ ಈ ಗಲ್ಲೀಲಿ ಕೊಳೀತೀಯಾ ಪುಟ್ಟಿ? ನಾಲ್ಕು ಜನ ತಲೆಯೆತ್ತಿ ನೋಡೋ ಹಾಗಿರ್ಬೇಕು.”

“ಆ ನಾಲ್ಕು ಜನ ಯಾರು ಮಾವ?”

ಮಾವ ಆಗಲೇ ದಲ್ಲಾಳಿಗೆ ಫೋನ್ ಹಚ್ಚಿದ್ದ.

ದಲ್ಲಾಳಿ ತೋರಿಸಿದ ಮೊದಲ ಮನೆಯಿಂದ ಕೆರೆ ಕಾಣುತ್ತಿತ್ತಂತೆ. ಬಚ್ಚಲ ಕಿಟಕಿಯಲ್ಲಿ ಕತ್ತು ಚಾಚಿದರೆ ಕಂಡಿತು. ಎರಡನೆಯದರ ಅಮೃತಶಿಲೆಯ ಮೆಟ್ಟಿಲು ಎಷ್ಟು ನುಣುಪೆಂದರೆ, ಒದ್ದೆ ಕಾಲಿಟ್ಟರೆ ಮಂಡಿ ಮುರಿದು ಅವಳ ಕಸುಬೇ ಮುಗಿಯುತ್ತಿತ್ತು. ಮೂರನೆಯದು ದಿಬ್ಬದ ಮೇಲೆ, ಕಾವಲಿನ ಗೇಟಿನೊಳಗೆ. ಅಲ್ಲಿ ಕೊಳ್ಳುವ ಮೊದಲು ನಿವಾಸಿಗಳ ಸಂಘದ ಎದುರು ಕೂತು ಒಪ್ಪಿಗೆ ಪಡೆಯಬೇಕು. ಎಮ್ಮೆ ಕೊಳ್ಳುವವರು ಹಲ್ಲು ಎಣಿಸಿದ ಹಾಗೆ.

“ಹೆಂಗಸರ ಪಂದ್ಯಾನೂ ಟೀವೀಲಿ ತೋರಿಸ್ತಾರಾ?” ಎಂದ ಅಧ್ಯಕ್ಷ.

“ನಿಮ್ಮ ಕಡೆಯೋರು ತುಂಬ ಬಂದು ಹೋಗ್ತಾರಾ? ಗಲಾಟೆ ಇಲ್ಲಿ ಆಗಲ್ಲ,” ಎಂದಳು ಕಾರ್ಯದರ್ಶಿಯಾಗಿದ್ದ ದಂತವೈದ್ಯೆ.

ಮಾವ ಎಲ್ಲದಕ್ಕೂ “ಹೌದು ಸಾರ್, ಇಲ್ಲ ಮೇಡಂ” ಎಂದು ಹಲ್ಲು ಗಿಂಜುತ್ತಿದ್ದ. ಗೋಡೆಗೆ ಅವರ ಮೇಲೆ ಹೇಸಿಗೆಯಾಯಿತು, ಮಾವನ ಮೇಲೆ ಇನ್ನೂ ಹೆಚ್ಚು. ಎದ್ದು ಹೋಗಬೇಕಿತ್ತು. ಹಟಕ್ಕೆ ಬಿದ್ದಳು. ಇವರ ಕಣ್ಣೆದುರೇ ಬದುಕಿ ತೋರಿಸುತ್ತೇನೆಂದು ಆ ಮನೆಯನ್ನೇ ಕೊಂಡಳು.

ದಿಬ್ಬದಲ್ಲಿ ಉಪ್ಪು ತರಲೂ ಕಾರು ಬೇಕು. ರಸ್ತೆಯಲ್ಲಿ ನಡೆಯುವುದು ನಾಯಿಗಳು, ಅವುಗಳ ಹಿಂದೆ ಆಳುಗಳು. ನಕ್ಕರೆ ಆಸ್ತಿ ಕರಗೀತು ಎಂಬಂತೆ ಎದುರುಮನೆಯವರು ತುಟಿ ಬಿಗಿದೇ ತಲೆಯಾಡಿಸುವರು. ವಾಚ್‌ಮನ್ ಜೊತೆ ಹರಟಿದ್ದಕ್ಕೆ ಮಾವನ ಮೇಲೆ ಸಂಘ ತಕರಾರು ತೆಗೆಯಿತು. ಅಂದಿನಿಂದ ಅವನು ಗಡ್ಡ ಕೆರೆಸುವ ನೆಪದಲ್ಲಿ ದಿನವೂ ಹಳೇ ಗಲ್ಲಿಗೆ ಬಸ್ಸು ಹತ್ತುತ್ತಿದ್ದ.

“ಇರೋ ಒಂದು ಗಡ್ಡಾನ ಎಷ್ಟು ಸಲ ಕೆರೆಸ್ತೀಯಾ ಮಾವ?”

“ಬೆಳೆಯುತ್ತಲ್ಲ, ಏನ್ಮಾಡ್ಲಿ?”

ಅವಳಿಗೆ ಮಾತ್ರ ಆ ನಿಶ್ಶಬ್ದ ರೂಢಿಯಾಯಿತು. ಫೈನಲ್‌ನಲ್ಲಿ ಪೆನಾಲ್ಟಿ ತಡೆದು ಕಪ್ ಗೆಲ್ಲಿಸಿದ ಮೇಲೆ ಅಧ್ಯಕ್ಷನೇ ಮನೆಗೆ ಬಂದು, “ನಮ್ಮ ಹುಡುಗಿ” ಎಂದು ಹೊಗಳಿ ಸಮಿತಿಗೆ ಕರೆದ. ಒಳಗೊಳಗೇ ಅವನನ್ನು ಹೀಗಳೆಯುತ್ತಲೇ ಸೇರಿದಳು.

ಮೊದಲ ಸಭೆಗೆ ಮನೆ ಕೇಳಿಕೊಂಡು ಬಂದವಳು ಒಬ್ಬ ಬಾಕ್ಸರ್. ಹುಬ್ಬಿನ ಮೇಲೆ ಹೊಲಿಗೆ, ಪಕ್ಕದಲ್ಲಿ ತರಕಾರಿ ಮಾರುವ ಅಮ್ಮ. ಗಾಜಿನ ಮೇಜಿಗೆ ಬೆರಳಿನ ಗುರುತು ಬಿದ್ದೀತೆಂದು ಅಮ್ಮ ಕೈಗಳನ್ನು ಮಡಿಲಲ್ಲಿ ಮುದುಡಿಕೊಂಡಿದ್ದಳು. ದಂತವೈದ್ಯೆ ಬಾಯಿ ತೆರೆಯುವ ಮೊದಲೇ ಗೋಡೆ ಕೇಳಿಬಿಟ್ಟಳು:

“ನಿಮ್ಮಮ್ಮ ತರಕಾರಿ ಗಾಡೀನೂ ಇಲ್ಲಿಗೇ ತಳ್ಕೊಂಡು ಬರ್ತಾರಾ?”

ಅಧ್ಯಕ್ಷ ನಕ್ಕ. ದಂತವೈದ್ಯೆ ನಕ್ಕಳು. ಬಾಕ್ಸರ್ ಅಮ್ಮನ ತೋಳು ಹಿಡಿದು ಎಬ್ಬಿಸಿದಳು.

“ಏಳಮ್ಮ. ಇಂಥೋರ ನಡುವೆ ಯಾರಿರ್ತಾರೆ?”

ಬಾಗಿಲನ್ನು ದಡಾರೆಂದು ಹಾಕಲೂ ಇಲ್ಲ.

ಮನೆಯಲ್ಲಿ ಗೋಡೆ ನಡೆದದ್ದನ್ನು ಹೇಳಿದಳು. ಊಟ ಮಾಡುತ್ತಿದ್ದ ಮಾವ ತಟ್ಟೆ ಸರಿಸಿದ.

“ಅವತ್ತು ನಾನು ಹಲ್ಲು ಗಿಂಜಿದ್ದಕ್ಕೆ ನೀನು ದಾರಿಯುದ್ದಕ್ಕೂ ಮುಖ ತಿರುಗಿಸ್ಕೊಂಡು ಕೂತಿದ್ದೆ. ನಾನು ಗಿಂಜಿದ್ದು ದೊಡ್ಡೋರ ಮುಂದೆ ಕಣೇ. ನೀನು ಗುರ್ರ್ ಅಂದಿದ್ದು ಬಡವರ ಮುಂದೆ.”

ಮರುದಿನ ಅವಳು ಬಾಕ್ಸರ್ ಅಭ್ಯಾಸ ಮಾಡುವ ಜಾಗ ಹುಡುಕಿಕೊಂಡು ಹೋದಳು. ಬಾಕ್ಸರ್ ಕೈಗೆ ಪಟ್ಟಿ ಸುತ್ತುತ್ತಿದ್ದಳು, ತಲೆಯೆತ್ತಲಿಲ್ಲ.

“ನನ್ನನ್ಯಾಕೆ ಕ್ಷಮೆ ಕೇಳ್ತೀರಿ? ಅಮ್ಮ ಮಾರ್ಕೆಟ್ಟಲ್ಲಿದ್ದಾಳೆ. ಅಲ್ಲಿಗೆ ಹೋಗಿ.”

ಗೋಡೆ ಹೋದಳು. ಅಮ್ಮ ಬದನೆಕಾಯಿ ತೂಗುತ್ತಿದ್ದಳು. ಗೋಡೆ ತಡವರಿಸುತ್ತ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

“ಆಯ್ತು, ಹೇಳಿದ್ರಲ್ಲ. ಈಗ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ಗಿರಾಕಿಗೆ ಅಡ್ಡ ಆಗ್ತಿದ್ದೀರಿ.”

ಅವಳು ಸರಿದು ನಿಂತಳು. ದಿಬ್ಬದ ತನ್ನ ಮನೆಯನ್ನು ಮಾರಾಟಕ್ಕಿಟ್ಟಳು; ಅದು ಹೋಗಲು ವರ್ಷವೇ ಹಿಡಿಯಿತು. ಹೊಸದಾಗಿ ಕೊಂಡವರನ್ನು ಸಂಘ ಏನೇನು ಕೇಳಿತೋ ಅವಳಿಗೆ ಗೊತ್ತಿಲ್ಲ. ಅಷ್ಟರಲ್ಲಿ ಅವಳೂ ಮಾವನೂ ಮೈದಾನದ ಹಿಂದಿನ ಬಾಡಿಗೆ ಮನೆ ಸೇರಿಯಾಗಿತ್ತು.